ಮೂವರ ಮಾತಿಗೆ ಒಂದೇ ಬಾಯಿ

ನರ್ಸಮ್ಮ ಮೊದಲೇ ಹೊರದೇಶಕ್ಕೆ ಹೋಗಿ, ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಮನೆ ಹಿಡಿದಿದ್ದಳು. ಗಂಡ, ಮಗಳು, ನರ್ಸಮ್ಮನ ಅಪ್ಪ ಎಂಟು ತಿಂಗಳ ಮೇಲೆ ಹೋಗಿ ಸೇರಿಕೊಂಡರು. ಅಷ್ಟರಲ್ಲಿ ಅವಳಿಗೆ ಆ ದೇಶ ಒಗ್ಗಿಹೋಗಿತ್ತು. ಯಾವ ಕಸ ಯಾವ ಡಬ್ಬಕ್ಕೆ, ಯಾವ ಡಬ್ಬ ಯಾವ ದಿನ ಬೀದಿಗೆ, ಬಾಗಿಲನ್ನು ಹೇಗೆ ಎಳೆದರೆ ಸದ್ದಾಗುವುದಿಲ್ಲ ಎಂಬುದೆಲ್ಲ ಗೊತ್ತಿತ್ತು. ಒಬ್ಬಳೇ ಇದ್ದು ರೂಢಿಯಾದ ಎರಡು ಕೋಣೆಯ ಮನೆಗೆ ಈಗ ಮೂರು ಜನ, ರಾಶಿ ಪೆಟ್ಟಿಗೆಗಳು, ಅದರ ಜೊತೆಗೆ ಒಂದು ದೊಡ್ಡ ಗಂಟಲು ಬಂದು ಸೇರಿತು.

ಆ ಗಂಟಲು ಅವಳ ಅಪ್ಪನದು. ಕೆಲಸ ಇರುವಷ್ಟು ಕಾಲ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಮೊಮ್ಮಗಳ ಹತ್ತಿರ ಒಂದು ಲೋಟ ನೀರು ಕೇಳಿದರೂ ಹಿಂದಿನ ಸೀಟಿನವರಿಗೆ ಮುಟ್ಟಬೇಕು ಅನ್ನುವ ಹಾಗೆ ಕೇಳುತ್ತಿದ್ದರು.

"ಚಪ್ಪಲಿ ಹೊರಗೆ ಬಿಡ್ಬೇಡಿ, ಒಳಗೆ ಈ ತಟ್ಟೇಲಿಡಿ. ನಡೀವಾಗ ಹಿಮ್ಮಡಿ ಊರ್ಬೇಡಿ, ಕೆಳಗಿನ ಮನೆಗೆ ಕೇಳತ್ತೆ. ಒಗ್ಗರಣೆ ಹಾಕೋ ಮುಂಚೆ ಕಿಟಕಿ ತೆಗೀರಿ. ಇಲ್ದಿದ್ರೆ ಅಲ್ಲಿ ಚಾವಣಿ ಮೇಲೆ ಹೊಗೆ ಗಂಟೆ ಇದೆಯಲ್ಲ, ಅದು ಕಿರುಚಿಕೊಳ್ಳತ್ತೆ," ಎಂದು ನರ್ಸಮ್ಮ ಮೊದಲ ದಿನವೇ ಹೇಳಿಕೊಟ್ಟಳು.

"ಉಸಿರು ಬಿಡ್ಬಹುದೇನಮ್ಮ?" ತಾತ ಕೇಳಿದರು.

"ಮೆಲ್ಲಗೆ ಬಿಡಪ್ಪ," ಅಂದಳು. ತಾತ ನಕ್ಕರು, ಅವಳು ನಗಲಿಲ್ಲ. ಬೆಳಿಗ್ಗೆ ಬೇಗ ಡ್ಯೂಟಿ ಇತ್ತು. ನಿಂತುಕೊಂಡೇ ಎರಡು ತುತ್ತು ಅನ್ನ ತಿಂದು ತಟ್ಟೆ ತೊಳೆದಿಟ್ಟಳು.

"ಕೂತ್ಕೊಂಡು ತಿನ್ನೇ," ಅಂದ ಅವಳ ಗಂಡ.

"ಕೂರೋದು ಮರೆತೇ ಹೋಗಿದೆ," ಅಂದಳು.

ಗಂಡ ಟೈಲರ್. ಊರಿನಲ್ಲಿ ಅವನಿಗೆ ಸ್ವಂತ ಅಂಗಡಿ ಇತ್ತು. ಹೊರಡುವ ಮುಂಚೆ ಎರಡು ಮಿಷನ್ನುಗಳನ್ನು ಮಾರಿ, ಕತ್ತರಿಯನ್ನು ಮಾತ್ರ ಹಳೇ ಪಂಚೆಯಲ್ಲಿ ಸುತ್ತಿ ತಂದಿದ್ದ. ನರ್ಸಮ್ಮ ಪರೀಕ್ಷೆಗೆಂದು ಒಂದೂವರೆ ವರ್ಷ ಫೋನಿನಲ್ಲಿ ಪಾಠ ಕೇಳಿ ಇಲ್ಲಿನ ಭಾಷೆ ಕಲಿತಾಗ ಅವನಿಗೂ ಕಲಿಯಲು ಹೇಳಿದ್ದಳು. "ಕತ್ತರಿಗೆ ಯಾವ ಭಾಷೆ ಆದ್ರೇನು" ಎಂದು ಹೇಳಿ ಅವನು ತಪ್ಪಿಸಿಕೊಂಡ. ಪಕ್ಕದಲ್ಲಿ ಹೋಂವರ್ಕ್ ಹಿಡಿದು ಕೂರುತ್ತಿದ್ದ ಮಗಳು ಯಾರೂ ಹೇಳದೆಯೇ ಕಲಿತುಬಿಟ್ಟಳು, ಅದೂ ಅಮ್ಮನಿಗಿಂತ ಚೆನ್ನಾಗಿ. ಹದಿಮೂರು ವರ್ಷದ ಈ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಚೂಟಿ ಅಂತಲೇ ಕರೆಯುತ್ತಿದ್ದರು. ಶಾಲೆ ಮುಗಿಸಿ ಬಂದ ಮೇಲೆ ಅಪ್ಪನಿಗೆ ತರಕಾರಿ ಅಂಗಡಿಯಲ್ಲಿ, ತಾತನಿಗೆ ಔಷಧಿ ಅಂಗಡಿಯಲ್ಲಿ, ಬಾಗಿಲು ತಟ್ಟಿದವರಿಗೆ ಹೊಸ್ತಿಲಲ್ಲಿ, ಎಲ್ಲ ಕಡೆಯೂ ಅವಳೇ ಮಾತಾಡಬೇಕಿತ್ತು.

ಮೊದಲು ಬಾಗಿಲು ತಟ್ಟಿದವನು ಕೆಳಗಿನ ಮನೆಯವನು.

ಇವರ ಬಚ್ಚಲುಮನೆಯ ನೆಲದಲ್ಲಿ ನೀರು ಹೋಗಲು ತೂತೇ ಇರಲಿಲ್ಲ. ಗಾಜಿನ ಪೆಟ್ಟಿಗೆಯಂಥದರೊಳಗೆ ನಿಂತು ಸ್ನಾನ ಮಾಡಬೇಕು. ತಾತನಿಗೆ ಅದು ಸರಿಹೋಗಲಿಲ್ಲ. ಬಕೆಟ್ಟು ಹೊರಗಿಟ್ಟುಕೊಂಡು, ಚೊಂಬಿನಲ್ಲಿ ತಲೆ ಮೇಲೆ ಧಾರಾಳವಾಗಿ ಸುರಿದುಕೊಂಡು, ಮೈಯೆಲ್ಲ ಹಗುರಾಗಿ ಹೊರಬಂದರು. ನೀರು ಅವರಿಗಿಂತ ಮೊದಲೇ ಹೊರಬಂದಿತ್ತು. ಟೈಲರ್ ಹಾಸಿಗೆಯ ಹೊದಿಕೆ, ಟವೆಲು, ತನ್ನ ಹಳೇ ಶರ್ಟು ಎಲ್ಲ ಹಾಕಿ ಒರೆಸುತ್ತಿದ್ದಾಗ ಬಾಗಿಲ ಸದ್ದಾಯಿತು. ಕೆಳಗಿನವನು ದಪ್ಪ ಮೀಸೆಯ ಆಳು, ಮುಖ ಕೆಂಪಾಗಿತ್ತು. ಅವನು ಬೆರಳು ಆಡಿಸಿಕೊಂಡು ಬಹಳ ಹೊತ್ತು ಮಾತಾಡಿದ. ತನ್ನ ಅಡುಗೆಮನೆ ಚಾವಣಿಯಿಂದ ಹನಿ ಬೀಳುತ್ತಿದೆ, ಇವರೇನು ಕಾಡಿನಿಂದ ಬಂದವರಾ, ಇನ್ನೊಂದು ಸಲ ಹೀಗಾದರೆ ಮನೆ ಮಾಲೀಕರಿಗೆ ಹೇಳಿ ಖಾಲಿ ಮಾಡಿಸುತ್ತೇನೆ ಎಂದ.

"ಏನಂತೆ?" ತಾತ ಒದ್ದೆ ತಲೆಯಲ್ಲೇ ಕೇಳಿದರು.

ಚೂಟಿ ತಾತನ ಕಡೆ ತಿರುಗಿದಳು. "ಸ್ವಲ್ಪ ನೀರು ಬಂತಂತೆ ತಾತ. ಹೊಸಬರು, ಪರವಾಗಿಲ್ಲ, ಇನ್ಮೇಲೆ ನೋಡ್ಕೊಳ್ಳಿ ಅಂತಿದಾರೆ."

"ಅಷ್ಟು ಹೇಳೋಕೆ ಇಷ್ಟು ಹೊತ್ತಾ? ಹುಟ್ಟಿದ ಮೇಲೆ ಯಾವತ್ತೂ ನೀರೇ ಕಂಡಿಲ್ವಾ ಅಂತ ಕೇಳು."

ಚೂಟಿ ಕೆಳಗಿನವನ ಕಡೆ ತಿರುಗಿ, "ತಾತ ಕ್ಷಮಿಸಿ ಅಂತ ಕೇಳ್ತಿದಾರೆ. ಅವರಿಗೆ ಗೊತ್ತಿರಲಿಲ್ಲ," ಎಂದು ಅವನ ಭಾಷೆಯಲ್ಲಿ ಹೇಳಿದಳು. ಅವನು ಗೊಣಗಿಕೊಂಡು ಇಳಿದುಹೋದ.

"ಒಳ್ಳೆ ಮನುಷ್ಯ ಕಣೇ," ತಾತ ತಲೆ ಒರೆಸಿಕೊಂಡರು. "ಮುಖ ಮಾತ್ರ ಹಾಗೆ."

ಅಂದಿನಿಂದ ಮೆಟ್ಟಿಲಲ್ಲಿ ಅವನು ಸಿಕ್ಕಾಗಲೆಲ್ಲ ತಾತ ಕೈ ಎತ್ತಿ ದೊಡ್ಡದಾಗಿ ನಗುತ್ತಿದ್ದರು. ಅವನು ಏನೂ ತೋಚದೆ ಗೋಡೆ ನೋಡುತ್ತಿದ್ದ. ಮನೆಯಲ್ಲಿ ಜಗಳವಿಲ್ಲ, ಅಮ್ಮನವರೆಗೆ ವಿಷಯ ಹೋಗಲಿಲ್ಲ. ಚೂಟಿಗೆ ಇದು ಸುಲಭವಾಗಿ ಕಂಡಿತು. ತರಕಾರಿ ಅಂಗಡಿಯವನು "ಹಣ್ಣು ಹಿಸುಕಬೇಡಿ ಅಂತ ನಿಮ್ಮಪ್ಪನಿಗೆ ಹೇಳು" ಅಂದರೆ, "ಆ ಕಡೆ ಇರೋದು ಇನ್ನೂ ಚೆನ್ನಾಗಿದೆಯಂತೆ ಅಪ್ಪ" ಎನ್ನುತ್ತಿದ್ದಳು. ಅಪ್ಪ ಆ ಕಡೆ ಹೋಗುತ್ತಿದ್ದ. ಹಣ್ಣೂ ಉಳಿಯಿತು, ಮರ್ಯಾದೆಯೂ ಉಳಿಯಿತು.

ಹಗಲೆಲ್ಲ ಮನೆಯಲ್ಲಿ ಇಬ್ಬರು ಗಂಡಸರು. ನರ್ಸಮ್ಮ ಕೆಲಸಗಳನ್ನು ಹಂಚಿಕೊಟ್ಟಿದ್ದಳು. ಪಾತ್ರೆ ಮಾವನದು, ಅಡುಗೆ ಮತ್ತು ಕಸ ಅಳಿಯನದು. ಮಾವ ಪಾತ್ರೆ ತೊಳೆದರೆ ಅಳಿಯ ಇನ್ನೊಂದು ಸಲ ತೊಳೆಯುತ್ತಿದ್ದ. ಅಳಿಯ ಸಾರು ಮಾಡಿದರೆ ಮಾವ ಇನ್ನಷ್ಟು ಉಪ್ಪು ಹಾಕಿಕೊಳ್ಳುತ್ತಿದ್ದರು.

"ಅಳಿಯಂದ್ರೆ, ಈ ಸಾರಿಗೆ ಬೇಳೆ ತೋರಿಸಿ ತೆಗೆದ್ರಾ?"

"ಮಾವ, ನಿಮ್ಮ ಮಗಳು ಎಣ್ಣೆ, ಉಪ್ಪು ಎರಡೂ ಕಮ್ಮಿ ಮಾಡು ಅಂದಿದಾಳೆ. ಬಿಪಿ ಮಾತ್ರೆ ನುಂಗೋರು ನೀವು, ನಾನಲ್ಲ."

"ಮಾತ್ರೆ ನುಂಗೋದೇ ಉಪ್ಪು ತಿನ್ನೋಕೆ ಕಣ್ರೀ."

ಎರಡನೆಯ ವಾರದಲ್ಲಿ ತಾತ ಒಂದು ದಾರಿ ಕಂಡುಕೊಂಡರು. ವಯಸ್ಸಾದವರಿಗೆ ಬಸ್ಸು ಪುಕ್ಕಟೆ ಎಂದು ಮಗಳು ಒಂದು ಪಾಸು ಮಾಡಿಸಿ ತಂದಳು. ತಿಂಡಿ ಮುಗಿದ ಕೂಡಲೇ ಕೋಟು ಹಾಕಿ ಹೊರಟುಬಿಡುತ್ತಿದ್ದರು. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಅದೇ ಬಸ್ಸಿನಲ್ಲಿ ಬರುವರು. ರಾತ್ರಿ ಊಟದ ಹೊತ್ತಿಗೆ ಮಗಳಿಗೆ ವರದಿ ಒಪ್ಪಿಸುವರು. "ಕಂಡಕ್ಟರೇ ಇಲ್ಲ ಕಣಮ್ಮ. ಹತ್ತಿದೋರು ತಾವೇ ಟಿಕೆಟ್ ಮಾಡ್ಕೋತಾರೆ. ಯಾರೂ ಯಾರ ಹತ್ರಾನೂ ಚಿಲ್ಲರೆ ಕೇಳಲ್ಲ. ಇಷ್ಟು ಜನ ತುಂಬಿದ ಬಸ್ಸು ಇಷ್ಟು ತೆಪ್ಪಗೆ ಹೋಗೋದು ನಾನು ಹುಟ್ಟಿದಾಗಿಂದ ನೋಡಿಲ್ಲ."

ಟೈಲರ್‌ಗೆ ಹೋಗಲು ಅಂಥ ಜಾಗ ಇರಲಿಲ್ಲ. ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಅಂಚು ಮಡಿಸಿ ಕೈಯಲ್ಲೇ ಹೊಲಿದ. ಹೆಂಡತಿಯ ಕೆಲಸದ ಬಟ್ಟೆಯ ಗುಂಡಿಗಳನ್ನೆಲ್ಲ ತೆಗೆದು ಮತ್ತೆ ಹಾಕಿದ.

"ಗುಂಡಿ ಗಟ್ಟಿಯಾಗೇ ಇತ್ತಲ್ಲ?" ಅಂದಳು ಅವಳು.

"ಇತ್ತು. ಈಗ ಇನ್ನೂ ಗಟ್ಟಿ."

ಅವಳು ಕೇಳಿಕೊಂಡು ಬಂದು ಹೇಳಿದಳು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಒಂದು ಅಂಗಡಿಯಿದೆ, ಅಲ್ಲೇ ಸಣ್ಣಪುಟ್ಟ ಹೊಲಿಗೆಯೂ ನಡೆಯುತ್ತದೆ, ಆಳು ಬೇಕು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಅವಳಿಗೆ ರಜೆ ಸಿಗಲಿಲ್ಲ. "ಚೂಟಿ ಜೊತೆ ಹೋಗಿಬನ್ನಿ. ನನ್ನ ನಂಬರ್ ಕೊಟ್ಟು ಬನ್ನಿ," ಅಂದಳು.

ಟೈಲರ್ ಹೆಂಡತಿಯ ಅಣ್ಣನ ಮದುವೆಗೆಂದು ತಾನೇ ಹೊಲಿದುಕೊಂಡಿದ್ದ ತಿಳಿನೀಲಿ ಶರ್ಟು ತೆಗೆದು, ಇಸ್ತ್ರಿ ಮಾಡಿ, ಹಾಕಿಕೊಂಡ. ದಾರಿಯುದ್ದಕ್ಕೂ ಮಗಳಿಗೆ ಪಾಠ ಹೇಳಿದ. "ಕೋಟು ಹೊಲೀತೀನಿ ಅಂತ ಹೇಳು. ಹೆಣ್ಣುಮಕ್ಕಳದೂ ಹೊಲೀತೀನಿ ಅನ್ನು. ಒಂದು ಬಟ್ಟೆ ಕೊಟ್ಟು ನೋಡ್ಲಿ, ಇಷ್ಟ ಆಗ್ಲಿಲ್ಲಾಂದ್ರೆ ಬೇಡ."

ಅಂಗಡಿಯೊಳಗೆ ಬಿಸಿ ಹಬೆ. ಕಿಟಕಿಯ ಹತ್ತಿರ ಒಂದು ಹೊಲಿಗೆ ಮಿಷನ್ನು, ಅದರ ಮುಂದೆ ಕನ್ನಡಕದ ಒಬ್ಬ ಮುದುಕ. ಅಂಗಡಿಯಾಕೆ ಅಂಗಿಯ ತೋಳು ಮಡಚಿಕೊಂಡು ಕೆಲಸ ಮಾಡುವ ಹೆಂಗಸು. ಮಾತು ಒರಟಾಗಿರಲಿಲ್ಲ, ಸುತ್ತುಬಳಸೂ ಇರಲಿಲ್ಲ. ಚೂಟಿ ಹೇಳಿದ್ದನ್ನೆಲ್ಲ ಕೇಳಿ ಅವಳು ಅಂದಳು: "ಹೊಲಿಗೆಗೆ ನನ್ನ ಹತ್ತಿರ ಜನ ಇದ್ದಾರೆ. ನನಗೆ ಬೇಕಾಗಿರುವುದು ಇಸ್ತ್ರಿಗೆ. ಅದು ಮಾತ್ರ. ಆಗುತ್ತದಾ ಎಂದು ಕೇಳು."

ಟೈಲರ್ ಮಿಷನ್ನನ್ನೇ ನೋಡುತ್ತಿದ್ದ. "ಏನಂದ್ಲು?"

"ಮೊದಲು ಸ್ವಲ್ಪ ದಿನ ಇಸ್ತ್ರಿ ಅಂತೆ ಅಪ್ಪ."

"ಆಮೇಲೆ?"

"ಆಮೇಲೆ ಮಿಷನ್ನು."

"ಎಷ್ಟು ದಿನ ಅಂತ ಕೇಳು."

ಚೂಟಿ ತಿರುಗಿ, "ಯಾವತ್ತಿಂದ ಬರಬೇಕು?" ಎಂದು ಕೇಳಿದಳು. ಸೋಮವಾರ, ಎಂದಳು ಅಂಗಡಿಯಾಕೆ.

"ಸೋಮವಾರ ಬರಬೇಕಂತೆ. ಒಂದು ವಾರ ಇಸ್ತ್ರಿ."

"ಒಂದು ವಾರ ತಾನೇ! ಹುಂ ಅಂತ ಹೇಳು." ಟೈಲರ್ ಅಂಗಡಿಯಾಕೆಗೆ ಕೈ ಮುಗಿದ. ಕಿಟಕಿಯ ಮುದುಕನಿಗೂ ಮುಗಿದ. ಮನೆಗೆ ಬರುವಾಗ ಮಗಳಿಗೆ ಐಸ್‌ಕ್ರೀಮು ಕೊಡಿಸಿದ. ಅವಳು ಅರ್ಧ ತಿಂದು ಸಾಕು ಅಂದಳು.

ಆ ವಾರ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರು. ಟೈಲರ್ ಸಂಜೆ ಬಂದು ಕೈ ತೋರಿಸುವನು. ಹಬೆಗೆ ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿದ್ದವು. "ಅಲ್ಲಿಯ ಇಸ್ತ್ರಿ ದೊಡ್ಡ ಪೆಟ್ಟಿಗೆ ಥರ ಕಣೇ, ಬಾಯಿ ತೆಗೆದ್ರೆ ಬುಸ್ ಅನ್ನತ್ತೆ. ನನಗಿನ್ನೂ ಅಂದಾಜು ಸಿಕ್ಕಿಲ್ಲ. ಕಾವು ಹೆಚ್ಚಾಗಿ ಎರಡು ಕಾಲರ್ ಹೊಳಪು ಹೊಡೀತು." ಆದರೂ ನಗುತ್ತಿದ್ದ. ನರ್ಸಮ್ಮನೂ ಕೂತೇ ಊಟ ಮಾಡುತ್ತಿದ್ದಳು. ಚೂಟಿ ಮಾತ್ರ ಹೋಂವರ್ಕ್ ಇದೆ ಎಂದು ಬೇಗ ಎದ್ದುಹೋಗುತ್ತಿದ್ದಳು.

ಮುಂದಿನ ಸೋಮವಾರ ಟೈಲರ್ ಪಂಚೆಯಲ್ಲಿ ಸುತ್ತಿಟ್ಟಿದ್ದ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಬೇಗ ಹೊರಟ. "ಏನಪ್ಪಾ ಇಷ್ಟು ಬೇಗ?" ಅಂತ ಚೂಟಿ ಬಾಗಿಲವರೆಗೆ ಬಂದಳು. "ಇವತ್ತಿಂದ ಮಿಷನ್ನಲ್ವಾ," ಎಂದು ಮೆಟ್ಟಿಲಿಳಿದ. ಅವಳು ಬಾಗಿಲು ಹಿಡಿದು ನಿಂತಳು. ಕೂಗಿ ಕರೆಯಲಿಲ್ಲ.

ಸಂಜೆ ನರ್ಸಮ್ಮ ಕೋಟು ತೆಗೆಯದೆ ಅಡುಗೆಮನೆಗೆ ಬಂದಳು. ಟೈಲರ್ ಮೇಜಿನ ಮುಂದೆ ಕೂತಿದ್ದ. ತಾತ ಈರುಳ್ಳಿ ಬಿಡಿಸುತ್ತಿದ್ದರು.

"ಅಂಗಡಿಯಾಕೆ ಆಸ್ಪತ್ರೆಗೆ ಫೋನ್ ಮಾಡಿದ್ಲು. ಪೇಷಂಟ್ ಹತ್ರ ಇದ್ದೆ, ಬಿಟ್ಟು ಬಂದು ಮಾತಾಡ್ದೆ. ಏನ್ರೀ ಮಾಡಿದ್ರಿ?"

"ನಾನೇನು ಮಾಡ್ದೆ? ಒಂದು ವಾರ ಅಂದಿದ್ಲು, ವಾರ ಆಯ್ತು. ಮಿಷನ್ ಮುಂದೆ ಕೂತೆ. ಆ ಮುದುಕ ಬಂದ, ಟೊಪ್ಪಿ ಕೈಲಿ ಹಿಡ್ಕೊಂಡು ನಿಂತ. ಆಕೆ ಏಳು ಏಳು ಅಂತ ಕೈ ಮಾಡಿದ್ಲು. ಮಾತಿಗೆ ತಪ್ಪೋದು ಯಾವ ನ್ಯಾಯ? ನಾನು ಏಳ್ಲಿಲ್ಲ. ಕತ್ತರಿ ತೆಗೆದಿಟ್ಟೆ."

"ಕತ್ತರಿ ನೋಡಿ ಆಕೆಗೆ ಭಯ ಆಗಿದೆ!"

"ಕತ್ತರಿಗೆ ಭಯ ಪಡೋಳು ಬಟ್ಟೆ ಅಂಗಡಿ ಯಾಕೆ ಇಟ್ಲು? ಎಲ್ಲರ ಮುಂದೆ ಬಾಗಿಲು ತೋರಿಸಿದ್ಲು ಕಣೇ ನನಗೆ."

"ಮಿಷನ್ ಕೊಡ್ತೀನಿ ಅಂತ ನಾನು ಯಾವತ್ತೂ ಹೇಳಿಲ್ಲ ಅಂತಾಳೆ ಆಕೆ."

"ಹೇಳಿದ್ಲು. ಇವಳೇ ಇದ್ದಳಲ್ಲ, ಕೇಳು."

ಮೂವರೂ ಚೂಟಿಯ ಕಡೆ ನೋಡಿದರು. ಅವಳು ಫ್ರಿಜ್ಜಿಗೆ ಒರಗಿ ನಿಂತಿದ್ದಳು.

"ಹೇಳ್ಲಿಲ್ಲ," ಅಂದಳು.

"ಏನು?"

"ಇಸ್ತ್ರಿ ಮಾತ್ರ ಅಂದ್ರು. ಮಿಷನ್ನು ನಾನು ಹೇಳಿದ್ದು."

ತಾತನ ಚಾಕು ನಿಂತಿತು. ಟೈಲರ್ ಮಗಳನ್ನು ಗುರುತು ಸಿಗದವನ ಹಾಗೆ ನೋಡಿದ. "ಯಾಕೆ ಹಾಗಂದೆ?"

"ನೀನು ಒಳ್ಳೆ ಶರ್ಟ್ ಹಾಕ್ಕೊಂಡು ಬಂದಿದ್ದೆ."

ನರ್ಸಮ್ಮ ಕೇಳಿದಳು. "ಇನ್ನೇನೇನು ಹೀಗೆ ಹೇಳಿದೀಯಾ? ಎಲ್ಲ ಹೇಳು ಈಗ."

ಚೂಟಿ ಹೇಳಿದಳು. ತರಕಾರಿ ಅಂಗಡಿಯದು, ಔಷಧಿ ಅಂಗಡಿಯದು, ಕೆಳಗಿನ ಮನೆಯವನದು.

"ತಡಿ ತಡಿ," ತಾತ ಎದ್ದುನಿಂತರು. "ಅಂದ್ರೆ ಆ ಮೀಸೆಯೋನು ಬೈದಿದ್ದಾ? ನಾನು ಮೂರು ವಾರದಿಂದ ಅವನಿಗೆ ದಿನಾ ಹಲ್ಲು ಕಿರೀತಿದೀನಲ್ಲೇ! ನನ್ನ ತಲೆ ಕೆಟ್ಟಿದೆ ಅಂದ್ಕೊಂಡಿರ್ತಾನೆ!"

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಟೈಲರ್ ಕುರ್ಚಿ ಹಿಂದಕ್ಕೆ ತಳ್ಳಿದ. "ಹೆತ್ತ ಮಗಳೇ ನನ್ನ ಕೋಡಂಗಿ ಮಾಡಿದ್ಲು. ನಾಕು ಜನರ ಮುಂದೆ."

"ಮಗೂಗೆ ಯಾಕ್ರೀ ಹೇಳ್ತೀರಾ?" ನರ್ಸಮ್ಮನ ದನಿ ಏರಿತು. ಸದ್ದು ಮಾಡಬೇಡಿ ಎಂದವಳೇ ಮರೆತಳು. "ನಿಮ್ಮ ಕೆಲಸ ನೀವು ಕೇಳ್ಕೋಬೇಕಾದೋರು. ಕಲೀರಿ ಕಲೀರಿ ಅಂತ ಎಷ್ಟು ಬಡ್ಕೊಂಡೆ. ಕತ್ತರಿಗೆ ಯಾವ ಭಾಷೆ ಅಂದ್ರಿ."

"ಬಂದ ಮೇಲೆ ನೀನು ಏನು ಕಲಿಸ್ದೆ? ಸದ್ದು ಮಾಡ್ಬೇಡಿ, ನೀರು ಚೆಲ್ಬೇಡಿ, ಹಿಮ್ಮಡಿ ಊರ್ಬೇಡಿ! ನಾವು ಬಂದಿದ್ದೇ ನಿನಗೆ ಭಾರ ಆಗಿದೆ. ಮುಖದಲ್ಲೇ ಕಾಣತ್ತೆ."

ನರ್ಸಮ್ಮ ನಿಧಾನವಾಗಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

"ಭಾರ ಅಲ್ಲ," ಅಂದಳು. "ಹಗಲೆಲ್ಲ ಆ ಭಾಷೇಲಿ ಮಾತಾಡಿ ಬರ್ತೀನಿ. ಒಂದು ಮಾತು ಹೆಚ್ಚುಕಮ್ಮಿ ಆದ್ರೆ ಒಬ್ಬರ ಜೀವದ ಪ್ರಶ್ನೆ. ಮನೆಗೆ ಬಂದ ಮೇಲೆ ಬಾಯೇ ಬೇಡ ಅನ್ಸತ್ತೆ. ಅದಕ್ಕೇ ಎಲ್ಲ ಇವಳ ಮೇಲೆ ಹಾಕ್ದೆ. ನನಗೆ ಸುಸ್ತಾಗಿತ್ತು, ಇವಳಿಗೂ ಆಗತ್ತೆ ಅಂತ ಹೊಳೀಲೇ ಇಲ್ಲ."

ಚೂಟಿ ಅಳಲಿಲ್ಲ. ತಾತ ಬಿಟ್ಟ ಈರುಳ್ಳಿಯನ್ನು ಕೈಗೆತ್ತಿಕೊಂಡು ಬಿಡಿಸತೊಡಗಿದಳು. ಆಮೇಲೆ ಅತ್ತಳೋ, ಈರುಳ್ಳಿಯದೋ, ಯಾರೂ ಕೇಳಲಿಲ್ಲ.

ಅದಾದ ಮೇಲೆ ಕೆಲವು ದಿನ ಟೈಲರ್ ಮಗಳ ಜೊತೆ ಮಾತು ಬಿಟ್ಟ. ಬೈಯಲೂ ಇಲ್ಲ. ಅಂಗಡಿಗೆ ತಾನೊಬ್ಬನೇ ಹೋಗಿ, ಬೆರಳು ತೋರಿಸಿ ಸಾಮಾನು ತಂದ. ಸಕ್ಕರೆಯೆಂದು ಉಪ್ಪು ತಂದ. ಬಟ್ಟೆಯ ಸೋಪೆಂದು ತಂದದ್ದು ನೆಲ ಒರೆಸುವುದಾಗಿತ್ತು. "ಅಪ್ಪ, ಇದು..." ಎಂದು ಚೂಟಿ ಬಾಯಿ ತೆಗೆದರೆ, "ಗೊತ್ತು," ಎನ್ನುವನು. ಮನೆ ನರ್ಸಮ್ಮ ಬಯಸಿದ್ದಷ್ಟೇ ನಿಶ್ಶಬ್ದವಾಯಿತು. ಈಗ ಅವಳಿಗೇ ಅದನ್ನು ಸಹಿಸಲಾಗದೆ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು.

ಒಂದು ಬೆಳಿಗ್ಗೆ ತಾತ ಅಳಿಯನ ಕೋಟನ್ನೂ ಮೊಳೆಯಿಂದ ತೆಗೆದರು. "ಏಳ್ರೀ. ಇವತ್ತು ನನ್ನ ಜೊತೆ ಬಸ್ಸಿಗೆ ಬನ್ನಿ."

"ನನಗೆಲ್ಲಿಗೂ ಬೇಡ ಮಾವ."

"ಎಲ್ಲಿಗೂ ಇಲ್ಲ. ಹೋಗೋದು, ಬರೋದು."

ಇಬ್ಬರೂ ಡ್ರೈವರನ ಹಿಂದೆ ಕೂತರು. ಬಸ್ಸು ಸೇತುವೆ ದಾಟಿತು, ಗೋದಾಮುಗಳ ಸಾಲು ದಾಟಿತು. ತಾತ ಬಹಳ ಹೊತ್ತು ಮಾತಾಡಲಿಲ್ಲ. ಅವರ ಮಟ್ಟಿಗೆ ಅದು ಕಷ್ಟದ ಕೆಲಸ.

"ಅಳಿಯಂದ್ರೆ, ತುಂಬಿದ ಬಸ್ಸಲ್ಲಿ ಮುಂದಿನೋನು ಹಿಂದಿನೋನಿಗೆ ಏನೋ ಅಂತಾನೆ. ಇವನಿಗೆ ಸರಿಯಾಗಿ ಕೇಳಿರಲ್ಲ. ಕಂಡಕ್ಟ್ರೇ, ಏನಂದ ಅವನು ಅಂತ ನನ್ನ ಕೇಳ್ತಾನೆ. ನಾನೇನು ಹೇಳ್ತಿದ್ದೆ?"

"ಏನು ಹೇಳ್ತಿದ್ರಿ?"

"ಏನಿಲ್ಲಪ್ಪ, ಸ್ವಲ್ಪ ಜರುಗಿ ಅಂದ, ಅಂತಿದ್ದೆ. ಅವನು ಅಂದಿದ್ದೇ ಬೇರೆ, ಬಾಯಲ್ಲಿ ಹೇಳೋ ಹಾಗಿರಲ್ಲ. ಆದ್ರೆ ಬಸ್ಸು ಮುಂದಕ್ಕೆ ಹೋಗ್ಬೇಕಲ್ಲ? ನಾನು ಮಾಡಿದ್ರೆ ಅನುಭವಸ್ಥ ಕಂಡಕ್ಟರ್ ಅಂತಿದ್ರು. ಅದೇ ಕೆಲಸ ಆ ಮಗು ಮಾಡಿದ್ರೆ ಸುಳ್ಳಿ ಆಗಿಬಿಟ್ಲಾ?"

ಟೈಲರ್ ಕಿಟಕಿಯಾಚೆ ನೋಡಿದ. "ನನಗೆ ಸಿಟ್ಟು ಬಂದಿದ್ದು ಸುಳ್ಳಿಗಲ್ಲ ಮಾವ. ನನ್ನ ಕೈಲಿ ನಿಜ ತಡ್ಕೊಳ್ಳೋಕೆ ಆಗಲ್ಲ ಅಂತ ಅವಳಿಗೆ ಅನ್ಸಿತಲ್ಲ. ಅದಕ್ಕೆ."

ಕೊನೆಯ ಸ್ಟಾಪಿನಲ್ಲಿ ಡ್ರೈವರ್ ಇಳಿದು ಕಾಫಿ ಕುಡಿದು ಬಂದ, ತಾತನನ್ನು ನೋಡಿ ಹುಬ್ಬು ಹಾರಿಸಿದ. ತಾತನೂ ಹಾರಿಸಿದರು. "ಇವನು ನಿಜವಾಗ್ಲೂ ಒಳ್ಳೆಯೋನು," ಅಂದರು. "ಚೂಟಿ ಹೇಳಿದ್ದಲ್ಲ, ನಾನೇ ಕಂಡ್ಕೊಂಡಿದ್ದು."

ಮರುದಿನ ನರ್ಸಮ್ಮನಿಗೆ ಮಧ್ಯಾಹ್ನದ ಡ್ಯೂಟಿ. ಅವಳು ಬದನೆಕಾಯಿ ಹೆಚ್ಚುತ್ತಿದ್ದಾಗ ಟೈಲರ್ ಬಂದು ಎದುರು ಕೂತ.

"ತಪ್ಪಾಯ್ತು ಅನ್ನೋಕೆ ಇಲ್ಲಿ ಏನಂತಾರೆ?"

ಅವಳು ಹೇಳಿದಳು. ಅವನು ಮೂರು ಸಲ ಹೇಳಿದ, ಮೂರು ಥರ ಬಂತು.

"ನಾಲಿಗೆ ಹಲ್ಲಿಗೆ ತಾಗಿಸ್ಬೇಡಿ."

"ನನ್ನ ನಾಲಿಗೆ ಅಲ್ಲೇ ಇರೋದು, ಎಲ್ಲಿಡ್ಲಿ?"

ಅವಳಿಗೆ ನಗು ಬಂತು. "ನಾನೇ ಫೋನ್ ಮಾಡಿ ಹೇಳ್ಲಾ?"

"ಬೇಡ. ಇಸ್ತ್ರಿ ಮಾಡ್ತೀನಿ, ಅದು ಹೇಗೆ?"

ಬದನೆಕಾಯಿ ಮುಗಿದು ಬೀನ್ಸಿಗೆ ಬರುವ ಹೊತ್ತಿಗೆ ಅವನಿಗೆ ನಾಲ್ಕು ಮಾತು ಬಂದಿದ್ದವು. ಅವನ್ನೇ ಗುನುಗುತ್ತ ಅಂಗಡಿಗೆ ಹೋದ. ಅಂಗಡಿಯಾಕೆ ಅವನ ಕೈಯಲ್ಲಿ ಚೀಲವಿದೆಯೇ ಎಂದು ಮೊದಲು ನೋಡಿದಳು. ಅವನು ಎರಡೂ ಕೈ ಬಿಡಿಸಿ ತೋರಿಸಿ, ಕಲಿತದ್ದನ್ನು ಹೇಳಿದ. ಮಧ್ಯದಲ್ಲಿ ಒಂದು ಮಾತು ಮರೆತುಹೋಯಿತು. ನಿಂತು, ನೆನಪು ಮಾಡಿಕೊಂಡು, ಮುಗಿಸಿದ. ಇಸ್ತ್ರಿಯ ಬಟ್ಟೆ ಗುಡ್ಡೆ ಬಿದ್ದಿತ್ತು. ಆಕೆ ಒಳಗೆ ಕೈ ತೋರಿಸಿದಳು. ಕಿಟಕಿಯ ಮುದುಕ ಆ ವಾರವಿಡೀ ಅವನತ್ತ ತಿರುಗಲಿಲ್ಲ. ಟೈಲರ್ ಕೂಡ ಮಿಷನ್ನಿನ ಕಡೆ ನೋಡದಂತೆ ಬೆನ್ನು ಹಾಕಿ ನಿಲ್ಲುತ್ತಿದ್ದ.

ಕೆಲಸಕ್ಕೆ ಮರಳಿದ ದಿನ ಸಂಜೆ ಊಟಕ್ಕೆ ಕೂತಾಗ ಅವನು ಮಗಳ ಕಡೆ ತಟ್ಟೆ ಸರಿಸಿದ. "ಬಿಸಿ ಅನ್ನೋಕೆ ಏನಂತಾರೆ? ಅಲ್ಲಿ ಕೈ ಸುಟ್ಕೊಂಡಾಗ ಬಾಯಲ್ಲಿ ಕನ್ನಡ ಬರತ್ತೆ, ಎಲ್ಲರೂ ನೋಡ್ತಾರೆ."

ಚೂಟಿ ತಟ್ಟೆ ನೋಡುತ್ತಲೇ ಹೇಳಿಕೊಟ್ಟಳು. ತಾತನೂ ಆ ಪದವನ್ನು ಬಸ್ಸು ತುಂಬುವಷ್ಟು ಜೋರಾಗಿ ಹೇಳಿ ನೋಡಿದರು. ಅಂದಿನಿಂದ ಊಟದ ಹೊತ್ತಿಗೆ ದಿನಾ ಒಂದಿಷ್ಟು ಮಾತು ಕಲಿಯುವುದು ಆರಂಭವಾಯಿತು.

ಇನ್ನೂ ಎರಡು ವಾರ ಕಳೆದ ಮೇಲೆ ಚೂಟಿಯ ಶಾಲೆಯಿಂದ ಕರೆ ಬಂತು. ತಾಯಿ ತಂದೆ ಯಾರಾದರೂ ಬಂದು ಟೀಚರನ್ನು ಕಾಣಬೇಕು. ನರ್ಸಮ್ಮನಿಗೆ ಡ್ಯೂಟಿ.

"ನಾನು ಹೋಗ್ತೀನಿ," ಅಂದ ಟೈಲರ್.

"ಬೇಡಪ್ಪ, ಅಮ್ಮನಿಗೆ ರಜಾ ಇರೋ ದಿನ ಹೋಗೋಣ," ಅಂದಳು ಚೂಟಿ, ತುಸು ಬೇಗನೆ.

"ಯಾಕೆ? ನೀನಿರ್ತೀಯಲ್ಲ."

ಚೂಟಿ ಮತ್ತೆ ಬೇಡ ಅನ್ನಲಿಲ್ಲ.

ತರಗತಿಯ ಕೋಣೆಯಲ್ಲಿ ಮಕ್ಕಳ ಕುರ್ಚಿಗಳೇ ಇದ್ದವು. ಟೈಲರ್ ಮಂಡಿ ಎತ್ತರವಾಗಿ ಮುದುರಿ ಕೂತ. ಟೀಚರ್ ಸಣ್ಣ ವಯಸ್ಸಿನವಳು, ಮಾತಾಡುವಾಗ ಅವನನ್ನೇ ನೋಡಿ ಮಾತಾಡಿದಳು. ಅವಳು ನಿಲ್ಲಿಸಿದಾಗ ಚೂಟಿಯ ಸರದಿ ಬಂತು.

ಟೈಲರ್ ಮಗಳ ಕಡೆ ಬಾಗಿದ. "ನೋಡು, ಏನಿದ್ರೂ ಹಾಗೇ ಹೇಳು. ನನಗೇನೂ ಆಗಲ್ಲ."

ಚೂಟಿ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. ಏನು ಬೇಕಾದರೂ ಹೇಳಬಹುದಿತ್ತು. ತುಂಬಾ ಜಾಣೆ ಅಂತಿದಾರೆ ಅಂದರೆ ಮುಗಿಯುತ್ತಿತ್ತು.

"ಲೆಕ್ಕ ಚೆನ್ನಾಗಿ ಮಾಡ್ತಾಳಂತೆ," ಅಂದಳು. "ಬರೆಯೋದೂ ಚೆನ್ನಾಗಿದೆಯಂತೆ. ಆದ್ರೆ ಮಾತಾಡಲ್ವಂತೆ."

"ಯಾರು?"

"ಸೇರಿದಾಗಿಂದ ಕ್ಲಾಸಲ್ಲಿ ಒಂದು ಸಲಾನೂ ಮಾತಾಡಿಲ್ವಂತೆ. ಏನು ಕೇಳಿದ್ರೂ ತಲೆ ಆಡಿಸ್ತಾಳಂತೆ. ಬಿಡುವಿನಲ್ಲಿ ಗೋಡೆ ಹತ್ರ ಒಬ್ಬಳೇ ನಿಂತಿರ್ತಾಳಂತೆ. ಭಾಷೆ ಬರಲ್ವೇನೋ ಅಂದ್ಕೊಂಡಿದ್ರಂತೆ."

"ಯಾರ ವಿಷ್ಯ ಹೇಳ್ತಿದಾರೆ ಇವರು?"

"ನಂದು, ಅಪ್ಪ."

ಟೈಲರ್ ಮಗಳನ್ನು ನೋಡಿದ. ಟೀಚರನ್ನು ನೋಡಿದ. ಮತ್ತೆ ಮಗಳನ್ನು. "ನೀನಾ? ಮಾತಾಡಲ್ವಾ?"

"ಮೊದಲ ದಿನ ಒಂದು ಮಾತು ತಪ್ಪು ಹೇಳ್ದೆ. ಎಲ್ಲರೂ ನಕ್ಕರು. ಆಮೇಲೆ ಬಾಯಿ ಬರಲ್ಲ." ಅವಳು ದನಿ ತಗ್ಗಿಸಿದಳು. "ಮನೇಲಿ ನಿಮಗೋಸ್ಕರ ಹೇಗೋ ಬರತ್ತೆ. ನನಗೆ ಅಂದ್ರೆ ಬರಲ್ಲ."

ಟೀಚರ್ ಏನೋ ಕೇಳಿದಳು. ಚೂಟಿ ಅಭ್ಯಾಸದಂತೆ ತಿರುಗಿಸಿ ಹೇಳಿದಳು. "ಮನೇಲಿ ಮಾತಾಡ್ತಾಳಾ ಅಂತ ಕೇಳ್ತಿದಾರೆ."

ಟೈಲರ್ ಬಾಯಿ ತೆರೆದ. ಚೂಟಿ ಅವನ ಉತ್ತರವನ್ನು ಆಚೆ ದಾಟಿಸಲು ಸಿದ್ಧಳಾಗಿ ನೆಟ್ಟಗೆ ಕೂತಳು. ಅವನು ಕೈ ಅಡ್ಡ ಮಾಡಿದ. "ನೀನು ಬಿಡು. ನಾನು ಹೇಳ್ತೀನಿ."

ಅವನು ಟೀಚರ್ ಕಡೆ ತಿರುಗಿ ಅವಳ ಭಾಷೆಯಲ್ಲೇ ಶುರುಮಾಡಿದ. "ಹೌದು. ಮನೆ. ಮಾತು ತುಂಬ. ನಾನು ಮಾತು ಇಲ್ಲ. ತಾತ ಮಾತು ಇಲ್ಲ. ಎಲ್ಲ ಇವಳು." ಸಾಲದೆನಿಸಿ ಮಗಳ ಭುಜದ ಮೇಲೆ ಕೈಯಿಟ್ಟ. "ಇವಳು ನಮ್ಮ ಬಾಗಿಲು."

ಟೀಚರ್ ಹುಬ್ಬು ಕೂಡಿಸಿದಳು. ಆ ಭಾಷೆಯಲ್ಲಿಯೂ ಬಾಯಿ, ಬಾಗಿಲು ಎರಡೂ ಪದಗಳು ಒಂದಕ್ಕೊಂದು ಹತ್ತಿರ. ಚೂಟಿಯ ತುದಿನಾಲಿಗೆಯವರೆಗೆ ಸರಿಯಾದ ಪದ ಬಂತು. ಹೇಳಲಿಲ್ಲ.

"ಬಾಗಿಲು?" ಟೀಚರ್ ಕೋಣೆಯ ಬಾಗಿಲನ್ನು ತೋರಿಸಿದಳು.

"ಅಲ್ಲ, ಅಲ್ಲ!" ಟೈಲರ್ ತನ್ನ ತುಟಿಗಳನ್ನು ಬೆರಳಿನಿಂದ ಬಡಿದುಕೊಂಡ. ಟೀಚರ್‌ಗೆ ಅರ್ಥವಾಯಿತು. ಸರಿಯಾದ ಪದವನ್ನು ಬಿಡಿಸಿ ಹೇಳಿದಳು. ಅವನು ಹಿಂದೆಯೇ ಹೇಳಿದ, ಅರ್ಧ ಸರಿ ಬಂತು. ಅವಳು ನಕ್ಕಳು, ಅವನೂ ತಲೆ ಚಚ್ಚಿಕೊಂಡು ಜೋರಾಗಿ ನಕ್ಕ. ನಕ್ಕು ಮುಗಿಸಿ ಅಲ್ಲಿಗೇ ಬಿಡದೆ ಮುಂದುವರಿಸಿದ. ಮಗಳಿಗೆ ಮನೆಯಲ್ಲಿ ಇನ್ನು ಮೇಲೆ ಈ ಮಾತಾಡುವ ಕೆಲಸ ಕಮ್ಮಿ ಎಂದು ಹೇಳಲು ಹೊರಟು, ಅದಕ್ಕೆ ಬೇಕಾದ ಪದಗಳು ಸಿಗದೆ, ಇಸ್ತ್ರಿ ಅಂಗಡಿಯಲ್ಲಿ ಕಲಿತ ಪದಗಳನ್ನೆಲ್ಲ ಹೊಂದಿಸಿ ಹೆಣೆಯತೊಡಗಿದ. ಟೀಚರ್ ಮೊಣಕೈ ಊರಿ ಕೂತು, ಅವಸರ ಮಾಡದೆ, ಒಂದೊಂದೇ ಪದ ಎತ್ತಿಕೊಡುತ್ತಿದ್ದಳು.

ಅಪ್ಪನ ತಪ್ಪುಗಳೆಲ್ಲ ಚೂಟಿಗೆ ಕೇಳುತ್ತಿದ್ದವು. ಆದರೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಇಬ್ಬರು ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಾಲು ಆಡಿಸುತ್ತ, ಕಿಟಕಿಯಾಚೆ ಆಟದ ಬಯಲಿನಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದ ಮಕ್ಕಳನ್ನು ನೋಡತೊಡಗಿದಳು.